ಲ್ಯಾಪ್‌ಟಾಪಿನ್ಯಾಗ ಎಕ್ಸ್‌ಪಿ ಹಾಕಿ ಪೇಜ್‌ಮೇಕರ್ ನಡಸಾಕತ್ತೀವಿ, ಭಾಳ ಸ್ಲೋ ಐತಿ. ರ್ಯಾಮ್ ಹೆಚ್ಚು ಮಾಡಬೇಕೇನ್ರಿ?

ಬೆಟಗೇರಿ_ಡಿಟಿಪಿ:

ಎಲ್ಲಾರಿಗೂ ನಮಸ್ಕಾರ್ರಿ. ಗದಗಿನ್ಯಾಗ ನಮ್ಮದೊಂದು ಸಣ್ಣ ಪ್ರೆಸ್ ಐತಿ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರಿ ಕರಪತ್ರ, ಸೊಸೈಟಿಯವರ ವಾರ್ಷಿಕ ವರದಿ, ಇಂಥಾವ ಕೆಲಸ. ಮೊದಲಿಂದನೂ ಪುಟ ಜೋಡಸೂ ಪೇಜ್‌ಮೇಕರ್ 7, ಅದರ ಜೋಡಿ ಡಾಂಗಲ್ (ಲೈಸೆನ್ಸಿನ ಸಣ್ಣ ಕೀಲಿ) ಹಚ್ಚಿದ್ರಷ್ಟ ನಡಿಯೋ ಕನ್ನಡ ಫಾಂಟಿನ ಸಾಫ್ಟ್‌ವೇರ್. ಎರಡೂ ಎಕ್ಸ್‌ಪಿ ಇರೋ ಹಳೇ ಸಿಪಿಯುನ್ಯಾಗ ಅದಾವು. ಆ ಸಿಪಿಯು ಈಗ ಮುಂಜಾನೆ ಚಾಲೂ ಆತಂದ್ರ ಪುಣ್ಯ. ಬಿಚ್ಚಿ ನೋಡಿದ್ರ ಬೋರ್ಡಿನ ಕೆಪ್ಯಾಸಿಟರ್ ತಲಿ ಉಬ್ಬ್ಯಾವು.

ನನ್ನ ಮಗಳು ಬಿಸಿಎ ಓದಾಕ ದಿನಾ ಹುಬ್ಬಳ್ಳಿಗೆ ಅಪ್-ಡೌನ್ ಮಾಡತಾಳ. ಆಕಿ ಲ್ಯಾಪ್‌ಟಾಪಿಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್, ಅಂದ್ರ ವರ್ಚುವಲ್ ಮಷೀನ್, ನಡಸೂ ಸಾಫ್ಟ್‌ವೇರ್) ಹಾಕಿ, ನಮ್ಮ ಎಕ್ಸ್‌ಪಿ ಸಿಡಿಯಿಂದ ಅದರೊಳಗ ಎಕ್ಸ್‌ಪಿ ಹಾಕಿಕೊಟ್ಟಾಳ. ಲ್ಯಾಪ್‌ಟಾಪ್ ಐ3-1215ಯು, 8 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಒಳಗಿನ ಎಕ್ಸ್‌ಪಿಗೆ 4 ಜಿಬಿ ರ್ಯಾಮ್, 4 ಪ್ರೊಸೆಸರ್ ಕೊಟ್ಟೈತಿ. ಎಕ್ಸ್‌ಪಿ ಚಾಲೂ ಆಗತೈತಿ, ಆದ್ರ ಮೌಸ್ ಒಂದು ಕಡೆ ಎಳದ್ರ ಬಾಣ ಆಮ್ಯಾಲೆ ಬರತೈತಿ. ಪೇಜ್‌ಮೇಕರಿನ್ಯಾಗ ಪುಟ ತಿರುವಿದ್ರ ಒಂದೊಂದ ಸಾಲು ಮೂಡೂದು ಕಣ್ಣಿಗೆ ಕಾಣತೈತಿ. ಕೆಳಗ ಬಲಗಡೆ ಮೂಲ್ಯಾಗ ಹಸಿರು ಆಮಿ ಚಿತ್ರ ಒಂದು ಕುಂತೈತಿ, ಅದೇನಂತ ತಿಳೀವಲ್ದು.

ಕಂಪ್ಯೂಟರ್ ಅಂಗಡಿಯಾಗ ಕೇಳಿದ್ರ "16 ಜಿಬಿ ಮಾಡ್ರಿ, ಇಲ್ಲಾಂದ್ರ ಹೊಸಾ ಲ್ಯಾಪ್‌ಟಾಪ್ ತಗೋರಿ" ಅಂದ್ರು. ರೊಕ್ಕ ಹಾಕೂಕಿಂತ ಮೊದಲು ತಿಳಿದವರನ್ನ ಕೇಳೂಣಂತ ಬರದೀನಿ. ಡಾಂಗಲ್ ಇದರೊಳಗ ನಡೀತೈತೋ ಇಲ್ಲೋ ಅದನೂ ಹೇಳ್ರಿ. ಅದು ನಡೀಲಿಲ್ಲಂದ್ರ ಉಳಿದದ್ದೆಲ್ಲಾ ಮಾಡಿನೂ ಉಪಯೋಗಿಲ್ಲ.

ಹುಬ್ಬಳ್ಳಿ_ಬೋರ್ಡ್‌ರಿಪೇರಿ:

ಅಣ್ಣಾರ, ರ್ಯಾಮ್ ಸದ್ಯಾಕ ತಗೋಬ್ಯಾಡ್ರಿ. ಆ ಆಮಿ ಅಲ್ಲಿ ಕುಂತಿರೂತನಕ 16 ಅಲ್ಲ, 32 ಹಾಕಿದ್ರೂ ಅದು ಹಿಂಗ ತೆವಳೂದು. ನಿಮ್ಮ ಪೋಸ್ಟಿನ್ಯಾಗ ಕೆಲಸದ ಮಾತು ಅಂದ್ರ ಆಮಿದಷ್ಟ.

ವರ್ಚುವಲ್ ಮಷೀನ್ ಜೋರಾಗಿ ಓಡಬೇಕಂದ್ರ ಪ್ರೊಸೆಸರಿನ್ಯಾಗ ಅದಕ್ಕಂತ ಒಂದು ಸವಲತ್ತು ಐತಿ. ಇಂಟೆಲಿನ್ಯಾಗ ಅದಕ್ಕ ವಿಟಿ-ಎಕ್ಸ್ ಅಂತಾರ, ಎಎಂಡಿದಾಗ ಎಎಂಡಿ-ವಿ ಅಂತಾರ, ಎಎಂಡಿ ಬಯೋಸಿನ್ಯಾಗ ಎಸ್‌ವಿಎಂ ಅಂತ ಬರದಿರತಾರ. ವರ್ಚುವಲ್‌ಬಾಕ್ಸ್ ಇದನ್ನ ತಾನ ನೇರ ಹಿಡದ್ರ ಕೆಳಗ 'ವಿ' ಅಂತ ಗುರ್ತು ಬರತೈತಿ. ನಿಮ್ಮದ್ರಾಗ ಏನಾಗೇತಂದ್ರ ವಿಂಡೋಸ್ 11 ತನ್ನದ ಒಂದು ಹೈಪರ್‌ವೈಸರ್ (ವರ್ಚುವಲ್ ಮಷೀನ್ ನಡಸೂ ಕೆಳಗಿನ ಎಂಜಿನ್) ಎಲ್ಲಾದಕ್ಕಿಂತ ಮೊದಲು ಎಬ್ಬಿಸಿ ಆ ಸವಲತ್ತು ತನ್ನ ಕೈಯಾಗ ಇಟ್ಕೊಂಡೈತಿ. ವರ್ಚುವಲ್‌ಬಾಕ್ಸ್ ಪ್ರತಿಯೊಂದಕ್ಕೂ ಮೈಕ್ರೋಸಾಫ್ಟಿನ ಆ ಹೈಪರ್‌ವೈಸರನ್ನ (ಹೆಸರು ಹೈಪರ್-ವಿ) ಕೇಳಿ ಕೆಲಸ ಮಾಡಬೇಕು. 2018ರ 6.0 ಆವೃತ್ತಿಯಿಂದ ಹಿಂಗ ಕೇಳಿ ನಡಿಯೂದು ಅದಕ್ಕ ಬರತೈತಿ. ಅದಕ್ಕಿಂತ ಹಿಂದ ಚಾಲೂನ ಆಗತಿರಲಿಲ್ಲ. ಆದ್ರ ಸ್ಪೀಡ್ ಸಾಯತೈತಿ. ಅದನ್ನ ತಿಳಸಾಕ ಆಮಿ ಚಿತ್ರ.

"ಹೋಮ್ ಎಡಿಷನ್ನಿನ್ಯಾಗ ಹೈಪರ್-ವಿ ಇಲ್ಲಲ್ಲ" ಅಂತ ಭಾಳ ಮಂದಿ ಅಂತಾರ. ಹೈಪರ್-ವಿ ಮ್ಯಾನೇಜರ್ ಇಲ್ಲ ಖರೆ, ಕೆಳಗಿನ ಎಂಜಿನ್ ಐತಿ. ಸ್ಟಾರ್ಟ್ ಒತ್ತಿ 'ಸಿಸ್ಟಮ್ ಇನ್ಫರ್ಮೇಷನ್' ತಗೀರಿ, ಆ ಪಟ್ಟಿಯ ಕಟ್ಟಕಡೀ ಸಾಲು ನೋಡ್ರಿ. "ಎ ಹೈಪರ್‌ವೈಸರ್ ಹ್ಯಾಸ್ ಬೀನ್ ಡಿಟೆಕ್ಟೆಡ್" ಅಂತಿದ್ರ ಅದ ಕಾರಣ, ಮುಂದ ಹುಡುಕೂದು ಬ್ಯಾಡ.

ಅದು ಎಬ್ಬಾಕ ಸಾಮಾನ್ಯ ಎರಡು ಕಾರಣ. ಒಂದು, ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೋಲೇಷನ್ ಒಳಗ 'ಮೆಮೊರಿ ಇಂಟೆಗ್ರಿಟಿ' ಚಾಲೂ ಇರೂದು. ಹೊಸಾ ಲ್ಯಾಪ್‌ಟಾಪಿನ್ಯಾಗ ಇದು ಅಂಗಡಿಯಿಂದ ಬರೂ ಮುಂದ ಚಾಲೂ ಇರತೈತಿ. ಎರಡನೇದು, 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಒಳಗ 'ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್'ಗೆ ಟಿಕ್ ಇರೂದು. ಮಗಳು ಬಿಸಿಎ ಅಂದ್ರಿ, ಕಾಲೇಜಿನ ಸಲುವಾಗಿ ಲಿನಕ್ಸ್ ಇಲ್ಲಾ ಡಾಕರ್ ಹಾಕಿದ್ರ ಈ ಟಿಕ್ ಇದ್ದ ಇರತೈತಿ. ಕೇಳ್ರಿ ಆಕಿನ್ನ.

ಎರಡೂ ತಗದು, ಪೂರಾ ರೀಸ್ಟಾರ್ಟ್ ಮಾಡಿ ನೋಡ್ರಿ. ಶಟ್‌ಡೌನ್ ಮಾಡಿ ಮತ್ತ ಒತ್ತಿದ್ರ ಸಾಲೂದಿಲ್ಲ, ಫಾಸ್ಟ್ ಸ್ಟಾರ್ಟ್‌ಅಪ್ ಇದ್ರ ವಿಂಡೋಸ್ ಅರ್ಧಾ ನಿದ್ದಿಯಾಗ ಇರತೈತಿ.

ಮುಟ್ಟೂಕಿಂತ ಮೊದಲು ಒಂದು ಕೆಲಸ ಮಾಡ್ರಿ. ವಿಂಡೋಸ್ 11 ಹೋಮ್ ಇದ್ರೂ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇರಬಹುದು. ಬಯೋಸ್ ಇಲ್ಲಾ ಬೂಟ್ ಸೆಟ್ಟಿಂಗ್ ಬದಲಾದ್ರ ಮರುದಿನ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳತೈತಿ. ಮಗಳ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ಹಾಳ್ಯಾಗ ಬರದಿಟ್ಟು ಆಮ್ಯಾಲೆ ಕೈ ಹಾಕ್ರಿ. ನಮ್ಮ ಟೇಬಲ್ಲಿಗೆ ಕೀ ಇಲ್ಲದ ಬರೋ ಲ್ಯಾಪ್‌ಟಾಪ್ ಏನ್ ಕಮ್ಮಿ ಇಲ್ರಿ, ಅದರಾಗಿನ ಡೇಟಾ ಯಾರ ಕೈಯಿಂದನೂ ಬರೂದಿಲ್ಲ.

ಇನ್ನ ಎಕ್ಸ್‌ಪಿಗೆ 4 ಜಿಬಿ ಕೊಟ್ಟಿದ್ದು. 8 ಜಿಬಿ ಇರೋ ಮಷೀನಿನ್ಯಾಗ ವಿಂಡೋಸ್ 11 ಮತ್ತ ಒಂದು ಬ್ರೌಸರ್ ಸೇರಿದ್ರ ಅರ್ಧಕ್ಕ ಅರ್ಧಾ ಹೋಗಿರತೈತಿ. ಉಳಿದದ್ದೆಲ್ಲಾ ಎಕ್ಸ್‌ಪಿಗೆ ಕೊಟ್ರ ಹೊರಗಿನ ವಿಂಡೋಸ್ ಉಸಿರುಗಟ್ಟಿ ಎಸ್‌ಎಸ್‌ಡಿ ಮ್ಯಾಲೆ ಬರಿಯಾಕ ಶುರು ಮಾಡತೈತಿ, ಆವಾಗ ಎರಡೂ ನಿಧಾನ. 2001ರ ಎಕ್ಸ್‌ಪಿ ಮ್ಯಾಲೆ 2001ರ ಪೇಜ್‌ಮೇಕರ್ ನಡಸಾಕ 1 ಜಿಬಿ ಅಂದ್ರ ಹಬ್ಬದೂಟ. ಪ್ರೊಸೆಸರ್ ಒಂದ ಕೊಡ್ರಿ. ಪೇಜ್‌ಮೇಕರಿಗೆ ಎರಡನೇದು ಏನ್ ಮಾಡೂದಂತ ಗೊತ್ತ ಇಲ್ಲ.

ಡಾಂಗಲ್ ಯುಎಸ್‌ಬಿದೋ, ಹಿಂದ ಪ್ರಿಂಟರ್ ಪೋರ್ಟಿಗೆ ಹಚ್ಚೂದೋ?

ಬೆಟಗೇರಿ_ಡಿಟಿಪಿ:

ಸರ್, ಭಾಳ ಉಪಕಾರ ಆತು. ಡಾಂಗಲ್ ಯುಎಸ್‌ಬಿದ ಐತ್ರಿ, ಹಸಿರು ಬಣ್ಣದ್ದು, ಬೆರಳಿನ ತುದಿಯಷ್ಟು. ಮಗಳನ್ನ ಕೇಳಿದೆ, ಹೌದು, ಕಾಲೇಜಿನ ಲ್ಯಾಬಿನ ಸಲುವಾಗಿ ಡಬ್ಲ್ಯೂಎಸ್‌ಎಲ್ ಅಂತ ಏನೋ ಹಾಕೇನಿ ಅಂತಾಳ. "ಅದನ್ನ ತಗದ್ರ ನಂದು ಅಸೈನ್‌ಮೆಂಟ್ ನಿಲ್ಲತೈತಿ ಅಪ್ಪಾ" ಅಂತ ಜಗಳಾ ತಗದಾಳ. ಈಗ ಆಕಿದೂ ನಡೀಬೇಕು, ನಂದೂ ನಡೀಬೇಕು.

ಸಪ್ತಾಪುರ_ಪೆಂಗ್ವಿನ್:

ಸರ್, ನಾನು ಧಾರವಾಡದಲ್ಲಿ ಎಂಸಿಎ ಮಾಡ್ತಿದ್ದೇನೆ. ನಿಮ್ಮ ಮಗಳ ಪರವಾಗಿ ಎರಡು ಮಾತು. ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ 2 ಅನ್ನುವುದೇ ಒಂದು ಸಣ್ಣ ವರ್ಚುವಲ್ ಮಷೀನ್, ಆ ಟಿಕ್ ತೆಗೆದರೆ ಅದು ಏಳುವುದಿಲ್ಲ. ಅವರು ಬರೀ ಸಿ, ಪೈಥಾನ್, ಶೆಲ್ ಸ್ಕ್ರಿಪ್ಟ್ ಮಾಡುತ್ತಿದ್ದರೆ ಡಬ್ಲ್ಯೂಎಸ್‌ಎಲ್ 1ಕ್ಕೆ ಇಳಿಸಬಹುದು, ಅದಕ್ಕೆ ಹೈಪರ್‌ವೈಸರ್ ಬೇಕಾಗಿಲ್ಲ. ಡಾಕರ್ ಇದ್ದರೆ ಈ ದಾರಿ ಇಲ್ಲ.

ಇನ್ನೊಂದು ದಾರಿ ವಿಎಂವೇರ್ ವರ್ಕ್‌ಸ್ಟೇಷನ್, ಅದೂ ವರ್ಚುವಲ್‌ಬಾಕ್ಸ್ ತರಹದ್ದೇ. ಇದಕ್ಕೆ ಮೊದಲು ದುಡ್ಡು ಕೊಡಬೇಕಿತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು, 2024ರ ಮೇನಲ್ಲಿ ಸ್ವಂತ ಬಳಕೆಗೆ, ಅದೇ ವರ್ಷ ನವೆಂಬರಿನಲ್ಲಿ ವ್ಯಾಪಾರದ ಬಳಕೆಗೂ ಉಚಿತ ಮಾಡಿದರು. ಹಾಗಾಗಿ ಪ್ರೆಸ್ಸಿನಲ್ಲಿ ಹಾಕಿಕೊಂಡರೂ ತಪ್ಪಿಲ್ಲ. 2020ರ 15.5.5 ಆವೃತ್ತಿಯಿಂದ ಅದು ಹೈಪರ್-ವಿ ಜೊತೆ ಹೊಂದಿಕೊಂಡು ನಡೆಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಡಬ್ಲ್ಯೂಎಸ್‌ಎಲ್ ಜೊತೆ ಎರಡನ್ನೂ ನಡೆಸಿ ನೋಡಿದ್ದೇನೆ, ಆಮೆ ಕೂತ ವರ್ಚುವಲ್‌ಬಾಕ್ಸಿಗಿಂತ ಇದು ಎಷ್ಟೋ ವಾಸಿ.

ವರ್ಚುವಲ್‌ಬಾಕ್ಸಿನಲ್ಲೇ ಇರುವುದಾದರೆ ಲೈಸೆನ್ಸಿನ ಒಂದು ಸೂಕ್ಷ್ಮ ಇದೆ. ಮೂಲ ಸಾಫ್ಟ್‌ವೇರ್ ಮುಕ್ತ, ಪ್ರೆಸ್ಸಿಗೂ ಸರಿ. 'ಎಕ್ಸ್‌ಟೆನ್ಷನ್ ಪ್ಯಾಕ್' ಮಾತ್ರ ಸ್ವಂತ ಬಳಕೆಗೆ, ಶಿಕ್ಷಣಕ್ಕೆ ಅಷ್ಟೇ ಉಚಿತ, ವ್ಯಾಪಾರಕ್ಕೆ ಅಲ್ಲ. ಹಳೆಯ ಯೂಟ್ಯೂಬ್ ವಿಡಿಯೋಗಳಲ್ಲಿ ಯುಎಸ್‌ಬಿಗಾಗಿ ಅದನ್ನು ಹಾಕಿ ಅಂತ ಹೇಳುತ್ತಾರೆ. 7.0 ಬಂದ ಮೇಲೆ ಯುಎಸ್‌ಬಿ 2 ಮತ್ತು 3 ಎರಡೂ ಮೂಲದಲ್ಲೇ ಸೇರಿವೆ, ಪ್ಯಾಕ್ ಬೇಕಿಲ್ಲ.

ಎಕ್ಸ್‌ಪಿಗೆ ಇಂಟರ್ನೆಟ್ ಕೊಡಬೇಡಿ ಸರ್. 2014ರ ಏಪ್ರಿಲ್ 8ಕ್ಕೆ ಅದರ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ಅಡಾಪ್ಟರ್ ಟಿಕ್ ತೆಗೆದುಬಿಡಿ. ಕಡತಗಳ ಓಡಾಟಕ್ಕೆ ಶೇರ್ಡ್ ಫೋಲ್ಡರ್ ಸಾಕು.

ಹುಬ್ಬಳ್ಳಿ_ಬೋರ್ಡ್‌ರಿಪೇರಿ:

ತಮ್ಮಾ, ವಿಎಂವೇರ್ ಮಾತು ಒಪ್ಪಿದೆ. ಆದ್ರ ಅಣ್ಣಾರು ಈಗಾಗಲೆ ಎಕ್ಸ್‌ಪಿ ಹಾಕಿ ಕುಂತಾರ, ಮತ್ತ ಮೊದಲಿಂದ ಯಾಕ? ಬೂಟ್ ಆಗೂ ಮುಂದ ಎರಡು ಆಯ್ಕೆ ಬರೂ ಹಂಗ ಮಾಡಿದ್ರಾತು. ಬಿಸಿಡಿಎಡಿಟ್ ಕಮಾಂಡಿನಿಂದ ಈಗಿರೂ ವಿಂಡೋಸ್ ಎಂಟ್ರಿದು ಒಂದು ನಕಲು ಮಾಡಿ, ನಕಲಿನ್ಯಾಗ ಹೈಪರ್‌ವೈಸರ್ ಲಾಂಚ್ ಟೈಪ್ 'ಆಫ್' ಅಂತ ಇಡೂದು. ವಿಂಡೋಸ್ ಒಂದ, ಎದ್ದೇಳೂ ರೀತಿ ಎರಡು. ಕಾಲೇಜಿನ ಕೆಲಸಕ್ಕ ಮೊದಲನೇದು, ಪ್ರೆಸ್ಸಿನ ಕೆಲಸಕ್ಕ ಎರಡನೇದು. ಬಿಸಿಎ ಓದೂ ಹುಡುಗಿ, ಆಕಿಗೆ ಇದು ಕಠಿಣ ಆಗೂದಿಲ್ಲ. ಈ ರೀತಿ ಮಾಡಿದ್ರ 'ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್' ಟಿಕ್ ತಗಿಯೂ ಗೋಜಿಲ್ಲ. ರಿಕವರಿ ಕೀ ಮಾತ್ರ ಮರೀಬ್ಯಾಡ್ರಿ, ಇದೂ ಬೂಟಿನ ವ್ಯವಹಾರ.

ಡಾಂಗಲ್ ಯುಎಸ್‌ಬಿ ಅಂದ್ರ ನಡೀತೈತಿ. ಲ್ಯಾಪ್‌ಟಾಪಿಗೆ ಹಚ್ಚಿ, ಎಕ್ಸ್‌ಪಿ ಬಂದ್ ಇದ್ದಾಗ ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸಿನ ಯುಎಸ್‌ಬಿಗೆ ಹೋಗಿ 1.1 ಇಲ್ಲಾ 2.0 ಆರಿಸ್ರಿ. 3.0 ಬ್ಯಾಡ, ಎಕ್ಸ್‌ಪಿಗೆ ಅದರ ಡ್ರೈವರ್ ಗೊತ್ತಿಲ್ಲ. ಬಲಗಡೆ ಪ್ಲಸ್ ಗುರ್ತು ಒತ್ತಿದ್ರ ಹಚ್ಚಿದ ಸಾಮಾನು ಎಲ್ಲಾ ಕಾಣತಾವು, ಡಾಂಗಲ್ ಆರಿಸಿ ಫಿಲ್ಟರ್ ಮಾಡ್ರಿ. ಇನ್ಮ್ಯಾಲೆ ಎಕ್ಸ್‌ಪಿ ಎದ್ದಾಗೆಲ್ಲಾ ಡಾಂಗಲ್ ತಾನ ಒಳಗ ಹೋಗತೈತಿ. ಹೊರಗಿನ ವಿಂಡೋಸ್ 11 ಅದನ್ನ ಗುರ್ತಿಸದಿದ್ರೂ ಚಿಂತಿಲ್ಲ, ಡ್ರೈವರ್ ಎಕ್ಸ್‌ಪಿ ಒಳಗ ಹಾಕಿದ್ರ ಸಾಕು. ಡ್ರೈವರ್ ಹಾಕೂ ಮುಂದ ಡಾಂಗಲ್ ತಗದಿಟ್ಟು, ಮುಗಿದ ಮ್ಯಾಲೆ ಹಚ್ಚರಿ.

ರಾಣೇಬೆನ್ನೂರ_ಆಫ್‌ಸೆಟ್:

ನಡುವ ಬಾಯಿ ಹಾಕತೇನಿ, ಸಿಟ್ಟಾಗಬ್ಯಾಡ್ರಿ. ಸತ್ತ ಸಾಫ್ಟ್‌ವೇರಿಗೆ ಇಷ್ಟೊಂದು ಉಸಾಬರಿ ಯಾಕ? ನಾವು ಹೊಸಾ ಕೆಲಸ ಎಲ್ಲಾ ಯೂನಿಕೋಡಿಗೆ (ಈಗ ಎಲ್ಲಾ ಕಡೆ ನಡಿಯೂ ಅಕ್ಷರ ಸಂಕೇತ) ತಂದೀವಿ. ಗಿರಾಕಿ ವಾಟ್ಸಾಪಿನ್ಯಾಗ ಮ್ಯಾಟರ್ ಕಳಸ್ತಾನ, ಅದು ಯೂನಿಕೋಡ್. ಅದನ್ನ ಪೇಜ್‌ಮೇಕರಿನ್ಯಾಗ ಪೇಸ್ಟ್ ಮಾಡಿದ್ರ ಬರೇ ಪ್ರಶ್ನೆ ಚಿಹ್ನೆ. ಕನ್ವರ್ಟರಿನ್ಯಾಗ ಹಾಕು, ಮತ್ತ ಅರ್ಕಾವೊತ್ತು ತಿದ್ದು, ಯಾರಿಗೆ ಬೇಕು? ಇನ್‌ಡಿಸೈನ್ ತಗೊಂಡು, ಪ್ಯಾರಾಗ್ರಾಫ್ ಕಂಪೋಸರ್ 'ವರ್ಲ್ಡ್-ರೆಡಿ' ಮಾಡಿದ್ರ ಒತ್ತಕ್ಷರ ಬರಾಬರಿ ಕೂಡತಾವು. ರೊಕ್ಕ ಬ್ಯಾಡಂದ್ರ ಸ್ಕ್ರೈಬಸ್ ಐತಿ, ಪುಕ್ಕಟೆ.

ಬೆಟಗೇರಿ_ಡಿಟಿಪಿ:

ಸಿಟ್ಟು ಯಾಕ್ರಿ ಯಜಮಾನ್ರ. ಹೊಸಾ ಕೆಲಸಕ್ಕ ನಿಮ್ಮ ಮಾತು ಖರೆ, ಮಗಳೂ ಅದನ್ನ ಅಂತಾಳ. ಆದ್ರ ನನ್ನ ಹೊಟ್ಟಿ ತುಂಬೂದು ಹಳೇ ಫೈಲಿನ ಮ್ಯಾಲೆ. ಸೊಸೈಟಿ ವರದಿ, ಸಾಲಿ ಮಾರ್ಕ್ಸ್ ಕಾರ್ಡ್, ಮಠದ ಪಾವತಿ ಪುಸ್ತಕ, ಇವೆಲ್ಲಾ ವರ್ಷಾ ಬರತಾವು. ಹೋದ ವರ್ಷದ್ದು ತಗದು ತಾರೀಖು, ಅಂಕಿ, ಅಧ್ಯಕ್ಷರ ಹೆಸರು ಬದಲು ಮಾಡಿದ್ರ ಸಂಜಿಕ ಪ್ರೂಫ್ ರೆಡಿ. ಅವನ್ನೆಲ್ಲಾ ಹೊಸಾದಾಗಿ ಕಂಪೋಜ್ ಮಾಡೂದಂದ್ರ ಯಾರ ಮಾಡತಾರ, ಯಾರ ರೊಕ್ಕ ಕೊಡತಾರ?

ಪೇಜ್‌ಮೇಕರಿನ ಹಳೇ ಪಿಎಂಡಿ ಫೈಲು ಇನ್‌ಡಿಸೈನಿನ್ಯಾಗ ತಗದು ನೋಡಾಕ ಹೋದ್ರ ತಗೀವಲ್ದು.

ಸಪ್ತಾಪುರ_ಪೆಂಗ್ವಿನ್:

ತೆರೆಯುವುದಿಲ್ಲ ಸರ್. ಪೇಜ್‌ಮೇಕರ್ ಕಡತ ತೆರೆಯುವ ಸೌಲಭ್ಯ ಇನ್‌ಡಿಸೈನ್ ಸಿಎಸ್6ರವರೆಗೆ ಇತ್ತು, ಸಿಸಿ ಬಂದ ಮೇಲೆ ತೆಗೆದರು. ಸ್ಕ್ರೈಬಸ್ ಸ್ವಲ್ಪ ಮಟ್ಟಿಗೆ ತೆರೆಯುತ್ತದೆ. ಆದರೆ ಅಕ್ಷರಗಳು ಆ ಹಳೆಯ ಫಾಂಟಿನ ಸಂಕೇತದಲ್ಲೇ ಇರುತ್ತವೆ, ಯೂನಿಕೋಡ್ ಫಾಂಟ್ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ನಿಮ್ಮ ಕೆಲಸಕ್ಕೆ ವರ್ಚುವಲ್ ಮಷೀನ್ ಸರಿಯಾದ ದಾರಿಯೇ. ರಾಣೇಬೆನ್ನೂರಿನವರು ಹೇಳಿದ್ದು ಹೊಸ ಗಿರಾಕಿಗೆ ಸರಿ.

ಬೆಟಗೇರಿ_ಡಿಟಿಪಿ:

ಎಲ್ಲಾ ಮಾಡಿ ನೋಡಿದ್ವಿ. ಎರಡು ಎಂಟ್ರಿ ಮಗಳು ಮಾಡಿದ್ಲು, ರಿಕವರಿ ಕೀ ಪ್ರೆಸ್ಸಿನ ಬಿಲ್ ಬುಕ್ಕಿನ ಹಿಂದಿನ ಪುಟಕ್ಕ ಬರದೀವಿ. ಆಮಿ ಹೋಗಿ 'ವಿ' ಬಂದೈತಿ. 1 ಜಿಬಿ, ಒಂದ ಪ್ರೊಸೆಸರ್. 64 ಪುಟದ ವರದಿ ಮೊದಲಿಂದ ಕಡೀತನಕ ಪೇಜ್ ಡೌನ್ ಒತ್ತಕೊಂತ ಹೋದ್ರ ಒಂದ ಕಡೆನೂ ನಿಲ್ಲಲಿಲ್ಲ. ಡಾಂಗಲ್ ಒಳಗ ಹೋತು, ದೀಪ ಹತ್ತಿತು, ಫಾಂಟು ಬಂದ್ವು. ಹಳೇ ಸಿಪಿಯುಕ್ಕಿಂತ ಇದ ಫಾಸ್ಟ್ ಐತ್ರಿ.

ಒಂದ ಉಳದೈತಿ. ಪ್ಲೇಟ್ ಮಾಡಿಸಾಕ ನಾವು ಹುಬ್ಬಳ್ಳಿಗೆ ಪಿಡಿಎಫ್ ಕಳಸ್ತೀವಿ. ಈ ಒಳಗಿನ ಎಕ್ಸ್‌ಪಿಯಿಂದ ಪಿಡಿಎಫ್ ಮಾಡಿ ಹೊರಗ ತಂದು ತಗದ್ರ 'ಮುಹೂರ್ತ'ದಾಗಿನ ಅರ್ಕಾವೊತ್ತಿನ ಜಾಗದಾಗ ಬ್ಯಾರೆ ಏನೋ ಗುರ್ತು ಕುಂತೈತಿ. ಲಗ್ನಪತ್ರಿಕೆಯಾಗ ಅದ ಹೋದ್ರ ಬೀಗರು ಬಿಡತಾರೇನ್ರಿ?

ಹುಬ್ಬಳ್ಳಿ_ಬೋರ್ಡ್‌ರಿಪೇರಿ:

ಅದು ವರ್ಚುವಲ್ ಮಷೀನಿನ ತಪ್ಪಲ್ಲ. ಫಾಂಟು ಪಿಡಿಎಫ್ ಒಳಗ ಕುಂತಿಲ್ಲ. ಹಳೇ ಸಿಪಿಯುನ್ಯಾಗ ಡಿಸ್ಟಿಲರ್ (ಪಿಡಿಎಫ್ ಮಾಡೂ ಸಾಫ್ಟ್‌ವೇರ್) ಸೆಟ್ಟಿಂಗ್ ಯಾರೋ ಆವಾಗ ಮಾಡಿಟ್ಟಿರತಾರ, ಹೊಸಾದಾಗಿ ಹಾಕಿದಾಗ ಅದು ಮೊದಲಿನಂಗಾಗೇತಿ. ಡಿಸ್ಟಿಲರಿನ ಜಾಬ್ ಆಪ್ಷನ್ಸ್, ಫಾಂಟ್ಸ್ ಒಳಗ 'ಎಂಬೆಡ್ ಆಲ್ ಫಾಂಟ್ಸ್'ಗೆ ಟಿಕ್ ಹಾಕ್ರಿ, 'ನೆವರ್ ಎಂಬೆಡ್' ಪಟ್ಟಿ ಖಾಲಿ ಮಾಡ್ರಿ. ಮಾಡಿದ ಮ್ಯಾಲೆ ಪಿಡಿಎಫ್ ತಗದು ಡಾಕ್ಯುಮೆಂಟ್ ಪ್ರಾಪರ್ಟೀಸಿನ್ಯಾಗ ಫಾಂಟ್ ಪಟ್ಟಿ ನೋಡ್ರಿ, ಪ್ರತಿ ಹೆಸರಿನ ಮುಂದ 'ಎಂಬೆಡೆಡ್' ಅಂತಿರಬೇಕು. ಆಮ್ಯಾಲೆನ ಪ್ಲೇಟಿಗೆ ಕಳಸ್ರಿ.

ಬ್ಯಾಕಪ್ ಯಾರೂ ಕೇಳಲಿಲ್ಲ, ನಾನ ಹೇಳತೇನಿ. ಕೆಲಸದ ಫೈಲು ಎಕ್ಸ್‌ಪಿ ಒಳಗ ಇಡಬ್ಯಾಡ್ರಿ, ಶೇರ್ಡ್ ಫೋಲ್ಡರಿನ್ಯಾಗ ಇಡ್ರಿ. ಸ್ನ್ಯಾಪ್‌ಶಾಟ್ (ವರ್ಚುವಲ್ ಮಷೀನಿನ ಆ ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ತಗೊಂಡೀವಿ ಅಂದ್ರ ಬ್ಯಾಕಪ್ ಆತಂತಲ್ಲ, ಅದೂ ಅದ ಡಿಸ್ಕಿನ್ಯಾಗ ಇರತೈತಿ. ಎಸ್‌ಎಸ್‌ಡಿ ಹೋದ್ರ ಎರಡೂ ಹೋದಂಗ. ಎಕ್ಸ್‌ಪಿ ಪೂರಾ ಬಂದ್ ಮಾಡಿ, ಆ ವರ್ಚುವಲ್ ಮಷೀನಿನ ಫೋಲ್ಡರ್ ಹಂಗ ಎತ್ತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ರಿ. ಪೆನ್‌ಡ್ರೈವಿಗೆ ಹಾಕೂದಿದ್ರ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡ್ರಿ. ಫ್ಯಾಟ್32 ಇದ್ರ 4 ಜಿಬಿಕ್ಕಿಂತ ದೊಡ್ಡ ಫೈಲ್ ಹೋಗೂದಿಲ್ಲ, ನಿಮ್ಮ ವಿಡಿಐ (ಎಕ್ಸ್‌ಪಿ ಇರೋ ಡಿಸ್ಕ್ ಫೈಲ್) ಅದಕ್ಕಿಂತ ದೊಡ್ಡದ ಆಗಿರತೈತಿ.

ಸಪ್ತಾಪುರ_ಪೆಂಗ್ವಿನ್:

ಮುಂದೆ ಈ ಕೆಲಸಕ್ಕೇ ಬೇರೆ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಬಂದರೆ ಸ್ನ್ಯಾಪ್‌ಡ್ರಾಗನ್ ಪ್ರೊಸೆಸರ್ ಇರುವುದನ್ನು ತೆಗೆದುಕೊಳ್ಳಬೇಡಿ ಸರ್. ಬ್ಯಾಟರಿ ಚೆನ್ನಾಗಿ ಬರುತ್ತದೆ, ಆದರೆ ಅದು ಆರ್ಮ್ ಜಾತಿ. ಅದರ ಮೇಲೆ ವರ್ಚುವಲ್‌ಬಾಕ್ಸ್ ಆರ್ಮ್ ಸಿಸ್ಟಮ್‌ಗಳನ್ನಷ್ಟೇ ನಡೆಸುತ್ತದೆ, ಎಕ್ಸ್‌ಪಿ ಏಳುವುದಿಲ್ಲ. ಇನ್ನೊಂದು, ಹೊಸ ಮಾದರಿಗಳಲ್ಲಿ ಬಲಗಡೆಯ ಕಂಟ್ರೋಲ್ ಜಾಗದಲ್ಲಿ ಕೋಪೈಲಟ್ ಕೀ ಬಂದಿರುತ್ತದೆ. ವರ್ಚುವಲ್‌ಬಾಕ್ಸಿನಿಂದ ಮೌಸ್ ಬಿಡಿಸಿಕೊಳ್ಳುವುದು ಆ ಬಲ ಕಂಟ್ರೋಲಿನಿಂದಲೇ. ಪ್ರಿಫರೆನ್ಸಸ್, ಇನ್‌ಪುಟ್‌ನಲ್ಲಿ ಹೋಸ್ಟ್ ಕೀ ಬದಲಿಸಿಕೊಳ್ಳಬೇಕಾಗುತ್ತದೆ.

ರಾಣೇಬೆನ್ನೂರ_ಆಫ್‌ಸೆಟ್:

ಇಷ್ಟೆಲ್ಲಾ ಓದಿ ನನಗೂ ಆಸೆ ಆತು. ನನ್ನ ಹಳೇ ಡಾಂಗಲ್ ಪ್ರಿಂಟರ್ ಪೋರ್ಟಿಗೆ ಹಚ್ಚೂದೈತಿ, 25 ಪಿನ್ನಿಂದು. ಯುಎಸ್‌ಬಿ-ಪ್ಯಾರಲಲ್ ಕೇಬಲ್ ತಗೊಂಡ್ರ ನಡೀತೈತೇನು? ಆನ್‌ಲೈನ್ ಸಿಗತಾವಲ್ಲ.

ಹುಬ್ಬಳ್ಳಿ_ಬೋರ್ಡ್‌ರಿಪೇರಿ:

ತಗೋಬ್ಯಾಡ್ರಿ, ರೊಕ್ಕ ದಂಡ. ಆ ಕೇಬಲ್ ಪ್ರಿಂಟರಿಗಷ್ಟ. ಡಾಂಗಲ್ ಪೋರ್ಟಿನ ವಿಳಾಸಕ್ಕ ನೇರ ಮಾತಾಡತೈತಿ, ಕೇಬಲ್ಲಿನ್ಯಾಗ ಆ ಪೋರ್ಟ್ ಇರೂದ ಇಲ್ಲ. ಫಾಂಟ್ ಕಂಪನಿಯವರಿಗೆ ಬಿಲ್ ತೋರಿಸಿ ಯುಎಸ್‌ಬಿ ಡಾಂಗಲಿಗೆ ಬದಲಿಸಿ ಕೊಡತೀರೇನು ಅಂತ ಕೇಳ್ರಿ. ಕೊಡೂದಿಲ್ಲ ಅಂದ್ರ ಆ ಸಿಪಿಯುನ ಜೋಪಾನ ಮಾಡ್ರಿ: ಒಳಗಿನ ಧೂಳ ಊದಿ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿ, ಬೋರ್ಡಿನ ಮ್ಯಾಲಿನ ಸಿಆರ್2032 ಸೆಲ್ ಹೊಸಾದ ಹಾಕ್ರಿ. ಕೆಪ್ಯಾಸಿಟರ್ ಉಬ್ಬಿದ್ರ ತಂದುಕೊಡ್ರಿ, ಬದಲಿಸಿ ಕೊಡತೇನಿ. ಬೆಟಗೇರಿ ಅಣ್ಣಾರ, ನಿಮ್ಮದೂ ಗುಜರಿಗೆ ಹಾಕಬ್ಯಾಡ್ರಿ, ಮೊದಲು ಅದರ ಹಾರ್ಡ್‌ಡಿಸ್ಕಿನ್ಯಾಗಿನ ಫೈಲು ಪೂರಾ ಹೊರಗ ಬಂದಾವೋ ಇಲ್ಲೋ ನೋಡಕೋರಿ.